ಲೋಟದಿಂದ ತಟ್ಟೆಗೆ: ಸಕ್ಕರೆ ಕಾಯಿಲೆಯ ಕಿಡ್ನಿ, ಹಿತ್ತಲ ಸೊಪ್ಪು-ಕಾಯಿ ಮತ್ತು ಒಂದು ಪ್ರಕರಣ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಪುತ್ತೂರು ಕಡೆಯ 58 ವರ್ಷದ ಅಡಿಕೆ ಕೃಷಿಕರೊಬ್ಬರನ್ನು ಮನೆಯವರು ಆಸ್ಪತ್ರೆಗೆ ಕರೆತಂದರು. ಎರಡು ದಿನದಿಂದ ವಾಂತಿ, ಸೊಂಟದ ಎರಡೂ ಬದಿ ನೋವು, ಹಿಂದಿನ ಮಧ್ಯಾಹ್ನದಿಂದ ಒಂದೇ ಸಲ ಮೂತ್ರ. ಮೈಯೆಲ್ಲ ಬೆವರು, ಮಾತು ತೊದಲು. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 48. ಹನ್ನೊಂದು ವರ್ಷದಿಂದ ಶುಗರ್ ಇರುವವರು ಸಕ್ಕರೆ ಇಳಿದು ಬಂದಿದ್ದರು. ಕಿಡ್ನಿ ಎಷ್ಟು ಸೋತಿದೆ ಎಂದು ತೋರಿಸುವ ಕ್ರಿಯಾಟಿನಿನ್ 4.2. ಮೂರು ತಿಂಗಳ ಹಿಂದೆ ಅದು 1.4 ಇತ್ತು.

ಇದು ಯಾರೋ ಒಬ್ಬರ ಕಡತದ ನಕಲಲ್ಲ. ಕರಾವಳಿಯಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಬ್ಬ ರೋಗಿಯಲ್ಲಿ ಕೂಡಿಸಿ ಕಲಿಕೆಗೆಂದು ಕಟ್ಟಿದ ಮಾದರಿ ಪ್ರಕರಣ. ರೋಗಿಯ ಅಂಕಿಗಳು ಈ ಮಾದರಿಗೆ ಸೇರಿದವು. ಸಂಶೋಧನೆಗಳ ಇಸವಿ, ಪ್ರಮಾಣ, ಫಲಿತಾಂಶ ಪ್ರಕಟವಾಗಿರುವಂಥವು.

ಜನವರಿಯಲ್ಲಿ ಇದ್ದ ಸ್ಥಿತಿ

ತೂಕ 68 ಕಿಲೋ. ರಕ್ತದೊತ್ತಡ 146/88. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 8.6. ಕ್ರಿಯಾಟಿನಿನ್ 1.4, ಅಂದರೆ ಈ ವಯಸ್ಸಿನ ಗಂಡಸಿಗೆ ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗದ ಅಂದಾಜು) ಸುಮಾರು 58. ಬೆಳಗಿನ ಮೊದಲ ಮೂತ್ರದಲ್ಲಿ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಕಿಡ್ನಿಯಿಂದ ಸೋರುವ ಆಲ್ಬುಮಿನ್ ಎಂಬ ಪ್ರೋಟೀನ್‌ನ ಅಳತೆ) ಗ್ರಾಂಗೆ 240 ಮಿಲಿಗ್ರಾಂ, 30ರ ಒಳಗಿರಬೇಕಾದದ್ದು. ಕಣ್ಣಿನ ಪರದೆಯಲ್ಲಿ ಸಕ್ಕರೆಯ ಆರಂಭದ ಗುರುತುಗಳಿದ್ದವು. ಕಣ್ಣು, ಮೂತ್ರ ಎರಡೂ ಒಂದೇ ಮಾತು ಹೇಳುವಾಗ ಕಿಡ್ನಿಯ ಹಾನಿ ಸಕ್ಕರೆಯಿಂದಲೇ ಎನ್ನಲು ಹೆಚ್ಚು ಅನುಮಾನ ಬೇಕಿಲ್ಲ. ಮಾತ್ರೆಗಳು: ಸಕ್ಕರೆಗೆ ಮೆಟ್‌ಫಾರ್ಮಿನ್ 1000 ಮಿ.ಗ್ರಾಂ ಎರಡು ಹೊತ್ತು, ಗ್ಲಿಮೆಪಿರೈಡ್ 2 ಮಿ.ಗ್ರಾಂ, ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ 40 ಮಿ.ಗ್ರಾಂ.

“ಕಿಡ್ನಿಗೆ ಸ್ವಲ್ಪ ಪೆಟ್ಟು ಬಿದ್ದಿದೆ” ಎಂಬ ಮಾತು ಕಿವಿಗೆ ಬಿದ್ದ ದಿನದಿಂದ ಮನೆಯಲ್ಲಿ ರಸದ ಕೆಲಸ ಶುರುವಾಯಿತು. ಮೊದಲು ಹಾಗಲಕಾಯಿ ರಸ, ದಿನಕ್ಕೆ ಒಂದು ಲೋಟ. ಅದರ ಜೊತೆಗೆ ರಾತ್ರಿಯ ಅನ್ನ ಅರ್ಧ ಮಾಡಿದರು. ಒಂದು ತಿಂಗಳ ಬಳಿಕ ಮೂತ್ರ ಪರೀಕ್ಷೆ ಮಾಡಿಸಿದರೆ 240 ಇದ್ದದ್ದು 185. ಮನೆಯವರಿಗೆಲ್ಲ ಧೈರ್ಯ ಬಂತು.

ಇಡೀ ಪ್ರಕರಣದ ತಿರುವು ಆ 185. ಮೂತ್ರದ ಆಲ್ಬುಮಿನ್ ಒಂದೇ ಮನುಷ್ಯನಲ್ಲಿ, ಏನೂ ಮಾಡದಿದ್ದರೂ, ದಿನದಿಂದ ದಿನಕ್ಕೆ ಮೂರನೇ ಒಂದು ಭಾಗದಷ್ಟು ಏರಿಳಿಯುತ್ತದೆ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಭಾರದ ಕೆಲಸ, ಊಟದ ಉಪ್ಪು, ರಕ್ತದೊತ್ತಡ ಎಲ್ಲವೂ ಅದನ್ನು ಕದಲಿಸುತ್ತವೆ. ಅದಕ್ಕೇ ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ನೋಡಿ, ಎರಡು ಸಲವಾದರೂ ಹೆಚ್ಚಿದ್ದರೆ ಮಾತ್ರ ಹೆಚ್ಚು ಎಂದು ಬರೆಯುವ ನಿಯಮವಿದೆ. 240ರಿಂದ 185 ಎಂದರೆ ಶೇಕಡಾ 23ರ ಇಳಿಕೆ. ಅದು ರಸದ ಗುಣವೂ ಅಲ್ಲ, ಅನ್ನ ಕಡಿಮೆ ಮಾಡಿದ ಗುಣವೆಂದೂ ಹೇಳಲಾಗದು. ಅಳತೆಯ ಸಹಜ ಓಲಾಟದೊಳಗೇ ಬರುತ್ತದೆ. ಆದರೆ ಮನೆಯಲ್ಲಿ ಅದಕ್ಕೆ ಔಷಧಿ ಹಿಡಿಯಿತು ಎಂಬ ಅರ್ಥ ಬಂತು, ಲೋಟ ದೊಡ್ಡದಾಯಿತು.

ಫೆಬ್ರವರಿ, ಮಾರ್ಚ್‌ನಲ್ಲಿ ಹಾಗಲಕ್ಕೆ ಸೋರೆಕಾಯಿ ಸೇರಿತು, ನೆಲ್ಲಿಕಾಯಿ ಸೇರಿತು, ಒಂದು ಹಿಡಿ ಪಾಲಕ್ ಸೇರಿತು. ಏಪ್ರಿಲ್ ಮೊದಲ ವಾರ ಹಿತ್ತಲ ಬಿಂಬುಳಿ (ಸಾರಿಗೆ ಹುಳಿಯಾಗಿ ಹಾಕುವ ಕಾಯಿ) ಮರ ತುಂಬ ಕಾಯಿ. ಕೊಲೆಸ್ಟ್ರಾಲ್‌ಗೂ ಶುಗರ್‌ಗೂ ಒಳ್ಳೆಯದೆಂದು ಪಕ್ಕದವರು ಹೇಳಿದರು. ಹತ್ತು ಹನ್ನೆರಡು ಕಾಯಿ ಅರೆದು ಸೋಸಿ, ಖಾಲಿ ಹೊಟ್ಟೆಗೆ, ಆರು ದಿನ. ಐದನೇ ದಿನ ಸೊಂಟ ನೋವು ಬಂತು. ತೋಟದಲ್ಲಿ ಬಗ್ಗಿದ್ದರಿಂದ ಇರಬೇಕೆಂದು ಎರಡು ದಿನ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗಿದರು.

ಕಿಡ್ನಿಯೊಳಗೆ ಏನಾಯಿತು

ಬಿಂಬುಳಿಯ ಹುಳಿ ಬಹುಪಾಲು ಆಕ್ಸಾಲಿಕ್ ಆಮ್ಲದ್ದು. ಮೀನು ಸಾರಿಗೆ ಹುಣಸೆಯ ಬದಲು ಎರಡು ಮೂರು ಕಾಯಿ ಹಾಕಿ ಆರು ಜನ ಹಂಚಿಕೊಂಡು ಉಂಡಾಗ ಒಬ್ಬರ ಪಾಲಿಗೆ ಬರುವುದು ಅರ್ಧ ಕಾಯಿ. ಅದೇ ಊಟದ ಉಳಿದ ಪದಾರ್ಥಗಳ ಕ್ಯಾಲ್ಸಿಯಂ ಆ ಆಮ್ಲದಿಂದ ಬರುವ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಮಲದಲ್ಲಿ ಹೊರಗೆ ಹಾಕುತ್ತದೆ. ಖಾಲಿ ಹೊಟ್ಟೆಯ ರಸಕ್ಕೆ ಆ ತಡೆ ಇಲ್ಲ. ಸೋಸಿದ ರಸದಲ್ಲಿರುವುದು ಕರಗಿದ ಆಕ್ಸಲೇಟ್. ಅದು ನೇರ ರಕ್ತಕ್ಕೆ, ಅಲ್ಲಿಂದ ಕಿಡ್ನಿಗೆ. ದೇಹ ಅದನ್ನು ಒಡೆಯಲಾರದು, ಮೂತ್ರದಲ್ಲಿ ಹೊರಹಾಕುವುದೊಂದೇ ದಾರಿ. ಏಪ್ರಿಲ್ ಬಿಸಿಲಲ್ಲಿ ಬೆವರಿ ಮೂತ್ರ ಮೊದಲೇ ಗಟ್ಟಿ. ಅದರಲ್ಲಿ ಆಕ್ಸಲೇಟ್ ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗಿ ನಾಳಗಳೊಳಗೇ ಕುಳಿತಿತು. ಪಾಲಕ್ ಇನ್ನಷ್ಟು ಆಕ್ಸಲೇಟ್ ಕೊಟ್ಟಿತು. 100 ಗ್ರಾಂ ಪಾಲಕ್‌ನಲ್ಲಿ 600ರಿಂದ 900 ಮಿಲಿಗ್ರಾಂ ಇರುವುದುಂಟು. ನೆಲ್ಲಿಕಾಯಿಯ ಸಿ ಜೀವಸತ್ವದ ಒಂದು ಪಾಲೂ ದೇಹದಲ್ಲಿ ಆಕ್ಸಲೇಟ್ ಆಗುತ್ತದೆ. ಡೈಕ್ಲೋಫೆನಾಕ್ ಕಿಡ್ನಿಗೆ ಬರುವ ರಕ್ತವನ್ನೇ ಇಳಿಸಿತು.

ಮೂತ್ರದ ಕೆಸರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಂಚೆ ಲಕೋಟೆಯ ಹಿಂಬದಿಯಂತೆ ಕಾಣುವ ಹರಳುಗಳಿದ್ದವು. ಆಸ್ಪತ್ರೆಗೆ ಸೇರಿದ ಐದನೇ ದಿನ ಸೂಜಿ ಹಾಕಿ ತೆಗೆದ ಕಿಡ್ನಿ ಚೂರನ್ನು ಸಾಮಾನ್ಯ ಬೆಳಕಲ್ಲಿ ನೋಡಿದರೆ ನಾಳಗಳಲ್ಲಿ ಬಣ್ಣವಿಲ್ಲದ ಬಿರುಕುಬಿಟ್ಟ ತುಣುಕು, ಅಷ್ಟೆ. ಧ್ರುವೀಕೃತ ಬೆಳಕು ಹಾಯಿಸಿದ ಕೂಡಲೇ ಕಪ್ಪು ಹಿನ್ನೆಲೆಯಲ್ಲಿ ಒಂದೊಂದು ನಾಳದೊಳಗೂ ಬೀಸಣಿಗೆ ಬಿಚ್ಚಿದ ಹಾಗೆ ಹರಳು ಮಿನುಗಿದವು. ಇದರ ಹಿಂದೆಯೇ ಹಳೆಯ ಕಾಯಿಲೆಯ ಗುರುತು: ಸೋಸುವ ಗುಚ್ಛಗಳ ಪೊರೆ ದಪ್ಪವಾಗಿತ್ತು, ನಡುವಿನ ಅಂಟು ಹರಡಿತ್ತು. ಒಂದೇ ಚೂರಿನಲ್ಲಿ ಹನ್ನೊಂದು ವರ್ಷದ ಹಾನಿಯೂ ಆರು ದಿನದ ಹಾನಿಯೂ ಅಕ್ಕಪಕ್ಕ ಕಾಣುತ್ತಿದ್ದವು.

ಸಕ್ಕರೆ 48ಕ್ಕೆ ಇಳಿದದ್ದೂ ಹಾಗಲದ ಗುಣವಲ್ಲ. ಗ್ಲಿಮೆಪಿರೈಡ್ ಒಡೆದ ಮೇಲೂ ಸಕ್ಕರೆ ಇಳಿಸುತ್ತಲೇ ಇರುವ ಅದರ ಉಳಿಕೆ ಹೊರಹೋಗುವುದು ಮೂತ್ರದಲ್ಲಿ. ಕಿಡ್ನಿ ನಿಂತಾಗ ಅದು ರಕ್ತದಲ್ಲೇ ಉಳಿಯುತ್ತದೆ. ಇನ್ಸುಲಿನ್ ಕೂಡ ನಿಧಾನಕ್ಕೆ ಕರಗುತ್ತದೆ. ಇದ್ದಕ್ಕಿದ್ದಂತೆ ಶುಗರ್ ಕಡಿಮೆಯಾಯಿತೆಂದು ಸಂತೋಷಪಡುವ ಮನೆಗಳಲ್ಲಿ ಒಮ್ಮೆ ಕ್ರಿಯಾಟಿನಿನ್ ನೋಡಿಸಲೇಬೇಕು.

ಇಂಥದ್ದು ಹೊಸತಲ್ಲ. ಕೇರಳದ ಐದು ಆಸ್ಪತ್ರೆಗಳಿಂದ ಬಿಂಬುಳಿ ರಸ ಕುಡಿದು ಕಿಡ್ನಿ ನಿಂತ ಹತ್ತು ರೋಗಿಗಳ ವರದಿ 2013ರಲ್ಲಿ ಪ್ರಕಟವಾಯಿತು; ಅವರಲ್ಲಿ ಏಳು ಮಂದಿಗೆ ಡಯಾಲಿಸಿಸ್ ಬೇಕಾಯಿತು, ಎಲ್ಲರೂ ಚೇತರಿಸಿಕೊಂಡರು. ಬಿಂಬುಳಿಯ ಹತ್ತಿರದ ನೆಂಟ ಧಾರೆಹುಳಿ, ಅಂದರೆ ನಕ್ಷತ್ರದಂತೆ ತುಂಡಾಗುವ ಹಣ್ಣು, ಇನ್ನೊಂದು ಹೆಜ್ಜೆ ಮುಂದೆ. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ನರವಿಷ ಕಿಡ್ನಿ ಸೋತವರಲ್ಲಿ ಹೊರಹೋಗದೆ ಮಿದುಳಿಗೆ ಏರುತ್ತದೆ: ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್. ಡಯಾಲಿಸಿಸ್‌ನಲ್ಲಿರುವವರು ಇದನ್ನು ತಿಂದು ತೀರಿಹೋದ ವರದಿಗಳಿವೆ. ಅವರಿಗೆ ಒಂದು ಹಣ್ಣೂ ಬೇಡ.

ಚಿಕಿತ್ಸೆ

ಗ್ಲೂಕೋಸ್ ಡ್ರಿಪ್, ಗ್ಲಿಮೆಪಿರೈಡ್‌ನ ಪ್ರಭಾವ ಉಳಿದಿರುವುದರಿಂದ ಎರಡು ದಿನ ಗಂಟೆಗೊಮ್ಮೆ ಸಕ್ಕರೆ ಪರೀಕ್ಷೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಟೆಲ್ಮಿಸಾರ್ಟನ್ ಮೂರೂ ನಿಂತವು. ಪೊಟ್ಯಾಸಿಯಂ 5.6, ಬೈಕಾರ್ಬೊನೇಟ್ 16, ದಿನದ ಮೂತ್ರ 350 ಮಿ.ಲೀ. ಮೂರು ಸಲ ಡಯಾಲಿಸಿಸ್ ಆಯಿತು. ಎಂಟನೇ ದಿನದಿಂದ ಮೂತ್ರ ಏರಿತು. ಎಂಟು ವಾರಕ್ಕೆ ಕ್ರಿಯಾಟಿನಿನ್ 1.6ಕ್ಕೆ ಬಂದು ನಿಂತಿತು, ಇಜಿಎಫ್‌ಆರ್ 50. ಜನವರಿಯ 58ಕ್ಕೆ ಅದು ಮರಳಲಿಲ್ಲ. ಸರಿಯಾದ ಚಿಕಿತ್ಸೆಯಲ್ಲಿ ನಾಲ್ಕೈದು ವರ್ಷಕ್ಕೆ ಕಳೆಯಬಹುದಾದ ಎಂಟು ಅಂಕ ಒಂದು ವಾರದಲ್ಲಿ ಹೋಯಿತು.

ಮುಂದಿನ ಔಷಧಿಗಳಲ್ಲಿ ಮೊದಲನೆಯದು ಟೆಲ್ಮಿಸಾರ್ಟನ್, ಪೊಟ್ಯಾಸಿಯಂ 4.8ಕ್ಕೆ ಬಂದ ಮೇಲೆ ಮತ್ತೆ 40 ಮಿ.ಗ್ರಾಂ. ಈ ಗುಂಪಿನ ಮಾತ್ರೆಗಳು ಟೈಪ್ 2 ಮಧುಮೇಹದ ಕಿಡ್ನಿ ಹಾನಿಯನ್ನು ನಿಧಾನಿಸುತ್ತವೆಂದು 2001ರಲ್ಲಿ ಎರಡು ದೊಡ್ಡ ಪರೀಕ್ಷೆಗಳು ತೋರಿಸಿದವು. ಶುರು ಮಾಡಿದ ಎರಡು ವಾರಕ್ಕೆ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಶೇಕಡಾ 30ರ ಒಳಗಿದ್ದರೆ ನಿಲ್ಲಿಸಬಾರದು. “ಮಾತ್ರೆ ತಗೊಂಡ ಮೇಲೆ ಕಿಡ್ನಿ ಹಾಳಾಯ್ತು” ಎಂದು ಅದನ್ನು ಬಿಟ್ಟು ಕಷಾಯಕ್ಕೆ ಹೋಗುವವರು ಹೆಚ್ಚಿನ ಸಲ ಈ ಏರಿಕೆಯನ್ನು ನೋಡಿ ಹೆದರಿದವರು. ಎರಡನೆಯದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಡಾಪಾಗ್ಲಿಫ್ಲೋಜಿನ್ 10 ಮಿ.ಗ್ರಾಂ. 2020ರ ಅಕ್ಟೋಬರ್‌ನಲ್ಲಿ ಭಾರತದಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ಬೆಲೆ ಇಳಿದು ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಮೆಟ್‌ಫಾರ್ಮಿನ್ 500 ಮಿ.ಗ್ರಾಂ ಎರಡು ಹೊತ್ತಿಗೆ ಇಳಿಯಿತು. ಗ್ಲಿಮೆಪಿರೈಡ್ ಮತ್ತೆ ಕೊಡಲಿಲ್ಲ.

ಗಿಡದಿಂದ ಕಿಡ್ನಿಗೆ ನಿಜವಾಗಿ ಬಂದ ರಕ್ಷಣೆಯ ಕತೆ ಈ ಡಾಪಾಗ್ಲಿಫ್ಲೋಜಿನ್‌ನಲ್ಲೇ ಇದೆ. 1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೋರಿಜಿನ್ ಎಂಬ ಕಹಿ ವಸ್ತುವನ್ನು ಬೇರ್ಪಡಿಸಿದರು. ಅದು ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುತ್ತದೆಂದು 1886ರಲ್ಲಿ ಗೊತ್ತಾಯಿತು. ಹಾಗೇ ಕೊಟ್ಟರೆ ಕರುಳಿನಲ್ಲಿ ಹೀರಿಕೊಳ್ಳುವುದು ಕಡಿಮೆ, ಭೇದಿ ಬೇರೆ. ರಚನೆಯನ್ನು ಮಾರ್ಪಡಿಸಿ ಹೊಟ್ಟೆಯಲ್ಲಿ ಒಡೆಯದೆ ಉಳಿಯುವಂತೆ, ಸೋಸಿದ ಸಕ್ಕರೆಯನ್ನು ರಕ್ತಕ್ಕೆ ಮರಳಿಸುವ ಕಿಡ್ನಿಯ ಒಂದೇ ಬಾಗಿಲನ್ನು ಮುಚ್ಚುವಂತೆ ಮಾಡಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಆ ಬಾಗಿಲು ಮುಚ್ಚಿದಾಗ ಸಕ್ಕರೆಯ ಜೊತೆ ಸೋಡಿಯಂ ಕೂಡ ನಾಳದ ಮುಂದಿನ ಭಾಗಕ್ಕೆ ಹೋಗುತ್ತದೆ. ಅದನ್ನು ಗ್ರಹಿಸಿದ ಕಿಡ್ನಿ ತನ್ನ ಒಳಬರುವ ರಕ್ತನಾಳವನ್ನು ಬಿಗಿಮಾಡುತ್ತದೆ, ಸೋಸುವ ಗುಚ್ಛದೊಳಗಿನ ಒತ್ತಡ ಇಳಿಯುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿ ಸವೆಯುವುದಕ್ಕೆ ಆ ಒತ್ತಡ ಒಂದು ಮುಖ್ಯ ಕಾರಣ. ಕಿಡ್ನಿ ಕಾಯಿಲೆಯವರ ಮೇಲೆ ನಡೆದ 2020ರ ಡಾಪಾ-ಸಿಕೆಡಿ ಪರೀಕ್ಷೆಯಲ್ಲಿ ಇದರ ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಮೈಸೂರಿನ ಇಲಿ, ಪುತ್ತೂರಿನ ಮನುಷ್ಯ

ಮನೆಗೆ ಹೋಗುವ ಮುಂಚೆ ಪಥ್ಯ ತಜ್ಞೆಯ ಮುಂದೆ ಕೂತ ಹೆಂಡತಿಯ ಪ್ರಶ್ನೆ ಸರಿಯಾದದ್ದೇ.

“ಅಲ್ಲ ಮೇಡಂ, ನಮ್ಮ ಅತ್ತೆ ಹಾಗಲಕಾಯಿ, ತಿಮರೆ, ಬಿಂಬುಳಿ ಎಲ್ಲ ತಿಂದುಕೊಂಡೇ ಎಂಬತ್ತೈದು ದಾಟಿದ್ರು. ಇವರಿಗೆ ಮಾತ್ರ ಹೀಗಾಯ್ತಲ್ಲ?”

“ತಿಂದ್ರು ಅಲ್ವಾ ಅಕ್ಕಾ. ಲೋಟದಲ್ಲಿ ಕುಡಿದದ್ದುಂಟಾ?”

ಸ್ವಲ್ಪ ಹೊತ್ತು ಯೋಚಿಸಿ, “ಇಲ್ಲ. ಮಿಕ್ಸಿಯೇ ಇರ್ಲಿಲ್ಲ ಆಗ.”

ಒಂದು ಊಟದಲ್ಲಿ ನೂರು ಗ್ರಾಂ ಹಾಗಲ ತಿನ್ನುವುದೇ ಕಷ್ಟ. ರಸ ಮಾಡಿದರೆ ಅರ್ಧ ಕಿಲೋ ಒಂದು ಗುಟುಕಿಗೆ ಇಳಿಯುತ್ತದೆ. ನಾರು ಸೋಸಿಹೋಗುತ್ತದೆ, ಬೇಯಿಸಿದಾಗ ನೀರಿಗೆ ಹೋಗಬೇಕಾದದ್ದೆಲ್ಲ ಉಳಿಯುತ್ತದೆ. ಸೋರೆಕಾಯಿಯಲ್ಲಿ ಇದರ ಅಪಾಯ ಬೇರೆ ಥರ. ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷ ಇರುತ್ತದೆ. ರಸ ಕುಡಿದು ರಕ್ತವಾಂತಿಯಾಗಿ ಸಾವುಗಳೂ ಆದ ಮೇಲೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ತಜ್ಞರ ಸಮಿತಿ, ಕಹಿ ಎನಿಸಿದರೆ ಉಗುಳಿ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ ಎಂದು ಹೇಳಿತು. ಈ ಮನೆಯಲ್ಲಿ ಸೋರೆಯನ್ನು ಬೆರೆಸಿದ್ದು ಹಾಗಲದ ಜೊತೆ. ಕಹಿ ಯಾವುದರದ್ದೆಂದು ನಾಲಿಗೆಗೆ ತಿಳಿಯುವುದಾದರೂ ಹೇಗೆ? ಹಿತ್ತಲಲ್ಲಿ ವಿಟಮಿನ್ ಸೊಪ್ಪೆಂದು ಬೆಳೆಸುವ ಚಕ್ರಮುನಿಯನ್ನು 1994-95ರಲ್ಲಿ ತೈವಾನ್‌ನಲ್ಲಿ ತೂಕ ಇಳಿಸಲೆಂದು ಹಸಿ ರಸ ಮಾಡಿ ವಾರಗಟ್ಟಲೆ ಕುಡಿದವರ ಶ್ವಾಸಕೋಶದ ಸಣ್ಣ ನಾಳಗಳು ಮತ್ತೆ ತೆರೆಯದಂತೆ ಮುಚ್ಚಿಹೋದವು. ಅದೇ ಸೊಪ್ಪನ್ನು ಪಲ್ಯ ಮಾಡಿ ತಿನ್ನುವ ನಾಡುಗಳಲ್ಲಿ ಹಾಗಾಗಿಲ್ಲ.

ಹಾಗಾದರೆ ಗಿಡಗಳು ಕಿಡ್ನಿ ಕಾಯುತ್ತವೆಂಬ ಸಂಶೋಧನೆಗಳೆಲ್ಲ ಸುಳ್ಳೇ? ಸುಳ್ಳಲ್ಲ, ಪ್ರಮಾಣ ಬೇರೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಕೆಲಸ ಒಳ್ಳೆಯ ಉದಾಹರಣೆ. ಸ್ಟ್ರೆಪ್ಟೊಜೊಟೋಸಿನ್ ಎಂಬ ರಾಸಾಯನಿಕ ಕೊಟ್ಟು ಮಧುಮೇಹ ಬರಿಸಿದ ಇಲಿಗಳ ಆಹಾರದಲ್ಲಿ ಶೇಕಡಾ 0.5ರಷ್ಟು ಕರ್ಕ್ಯುಮಿನ್ (ಅರಿಶಿನದ ಹಳದಿ ಸತ್ವ) ಸೇರಿಸಿದಾಗ ಕಿಡ್ನಿ ಹಾನಿ ಕಡಿಮೆಯಾಯಿತು. ಅದೇ ಲೆಕ್ಕವನ್ನು ಮನುಷ್ಯನ ತಟ್ಟೆಗೆ ತನ್ನಿ. ದಿನಕ್ಕೆ 500 ಗ್ರಾಂ ಒಣ ಆಹಾರ ತಿನ್ನುವವರಿಗೆ 2.5 ಗ್ರಾಂ ಕರ್ಕ್ಯುಮಿನ್ ಬೇಕು. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇಕಡಾ 3. ಅಂದರೆ ದಿನಕ್ಕೆ ಎಂಬತ್ತು ಗ್ರಾಂ ಮೀರಿ ಅರಿಶಿನ. ಅರಿಶಿನದಲ್ಲೂ ಕರಗುವ ಆಕ್ಸಲೇಟ್ ಚೆನ್ನಾಗಿದೆ. ಆ ಪ್ರಮಾಣ ಈ ರೋಗಿಯನ್ನು ಮತ್ತೆ ಅದೇ ವಾರ್ಡಿಗೆ ಕಳಿಸುತ್ತದೆ.

ಮನುಷ್ಯರ ಮೇಲಿನ ಪರೀಕ್ಷೆಗಳು ಇನ್ನೂ ಒಂದು ಪಾಠ ಹೇಳುತ್ತವೆ. ಇರಾನಿನಲ್ಲಿ 2011ರಲ್ಲಿ 40 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ 500 ಮಿ.ಗ್ರಾಂ ಅರಿಶಿನದ ಕ್ಯಾಪ್ಸೂಲ್ ದಿನಕ್ಕೆ ಮೂರು, ಎರಡು ತಿಂಗಳು ಕೊಟ್ಟಾಗ ಮೂತ್ರದ ಪ್ರೋಟೀನ್ ಇಳಿಯಿತು. ಆಮೇಲೆ ಕೆನಡಾದಲ್ಲಿ ಕಿಡ್ನಿ ಕಾಯಿಲೆಯ 500ಕ್ಕೂ ಹೆಚ್ಚು ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಚೆನ್ನಾಗಿ ಹೀರಲ್ಪಡುವ ಕರ್ಕ್ಯುಮಿನ್ ಕೊಟ್ಟು ಆರು ತಿಂಗಳು ನೋಡಿದರೆ ಆಲ್ಬುಮಿನ್‌ನಲ್ಲೂ ಇಜಿಎಫ್‌ಆರ್‌ನಲ್ಲೂ ವ್ಯತ್ಯಾಸವಿಲ್ಲ. ಸಣ್ಣ ಪರೀಕ್ಷೆಯಲ್ಲಿ ಕಂಡ ಗುಣ ದೊಡ್ಡ ಪರೀಕ್ಷೆಯಲ್ಲಿ ಕರಗಿತು. ಸಾರಿಗೆ, ಪಲ್ಯಕ್ಕೆ ಚಿಟಿಕೆ ಅರಿಶಿನ ಇರಲಿ, ಕ್ಯಾಪ್ಸೂಲ್ ಬೇಡ. ಕರಿಮೆಣಸಿನ ಸತ್ವ ಸೇರಿಸಿದ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಪೆಟ್ಟಾದ ವರದಿಗಳೂ ಇವೆ.

ಇಲಿಯ ಪ್ರಯೋಗ ಓದುವಾಗ ಇನ್ನೊಂದನ್ನು ಗಮನಿಸಬೇಕು. ಇಂಥ ಪ್ರಯೋಗಗಳ ಇಲಿಗಳಿಗೆ ಸಾಮಾನ್ಯವಾಗಿ ಬೇರೆ ಔಷಧಿ ಇರುವುದಿಲ್ಲ, ಸಕ್ಕರೆ 300 ದಾಟಿರುತ್ತದೆ. ಅಲ್ಲಿ ಸಕ್ಕರೆಯನ್ನು ಸ್ವಲ್ಪ ಇಳಿಸುವ ಯಾವ ಸೊಪ್ಪಾದರೂ ಕಿಡ್ನಿಯನ್ನು ಕಾಯಿತೆಂದೇ ಕಾಣುತ್ತದೆ.

ಹಿತ್ತಲಿನಿಂದ ತಟ್ಟೆಗೆ ಬಂದದ್ದು

ಊಟದ ಪಟ್ಟಿ ಕಟ್ಟಿದ್ದು ನಾಲ್ಕು ಅಂಕಿಗಳ ಮೇಲೆ: ಪೊಟ್ಯಾಸಿಯಂ, ಉಪ್ಪು, ಪ್ರೋಟೀನ್, ಆಕ್ಸಲೇಟ್. ಪ್ರೋಟೀನ್ ಕಿಲೋಗೆ 0.8 ಗ್ರಾಂ, ಅಂದರೆ 54 ಗ್ರಾಂ. ಉಪ್ಪು ದಿನಕ್ಕೆ 5 ಗ್ರಾಂ, ಒಂದು ಸಮ ಟೀ ಚಮಚ, ಉಪ್ಪಿನಕಾಯಿ ಹಪ್ಪಳ ಎಲ್ಲ ಸೇರಿ. ಹಲಸಿನ ತೊಳೆ ಉಪ್ಪಿನಲ್ಲಿ ಹಾಕಿಟ್ಟದ್ದು ಈ ಮನೆಯಲ್ಲಿ ಮಳೆಗಾಲ ಪೂರ್ತಿ ನಡೆಯುತ್ತಿತ್ತು. ಎಷ್ಟು ನೀರಲ್ಲಿ ನೆನೆಸಿದರೂ ಅದರ ಉಪ್ಪು ಪೂರ್ತಿ ಬಿಡುವುದಿಲ್ಲ, ಅದನ್ನು ಬಿಡಿಸಿದರು. ಕರಾವಳಿ ಊಟದಲ್ಲಿ ಕಿಡ್ನಿಗೆ ಸಿಗುವ ದೊಡ್ಡ ಲಾಭ ಇದೇ. ಉಪ್ಪು ಇಳಿದರೆ ಟೆಲ್ಮಿಸಾರ್ಟನ್ ಹೆಚ್ಚು ಕೆಲಸ ಮಾಡುತ್ತದೆ, ಆಲ್ಬುಮಿನ್ ಇಳಿಯುತ್ತದೆ. ಯಾವ ಮೂಲಿಕೆಗೂ ಇಷ್ಟು ಗಟ್ಟಿ ಆಧಾರವಿಲ್ಲ.

ಮೆಂತ್ಯ 10 ಗ್ರಾಂ, ಸುಮಾರು ಎರಡೂವರೆ ಟೀ ಚಮಚ. ರಾತ್ರಿ ಬಿಸಿನೀರಲ್ಲಿ ನೆನೆಸಿ ಬೆಳಿಗ್ಗೆ ಉಬ್ಬಿದ ಕಾಳನ್ನೇ ಅಗಿದು ತಿನ್ನಬೇಕು. ನೆನೆಸಿದ ನೀರನ್ನು ಮಾತ್ರ ಕುಡಿದು ಕಾಳು ಚೆಲ್ಲುವವರೇ ಹೆಚ್ಚು. ಕೆಲಸ ಮಾಡುವುದು ಕಾಳಿನ ಲೋಳೆ ನಾರು. ಅದು ಕರುಳಿನಲ್ಲಿ ಗಂಜಿಯಂತೆ ಹರಡಿ ಅನ್ನದ ಸಕ್ಕರೆ ಏರುವುದನ್ನು ತಡೆಯುತ್ತದೆ, ಹಾಗಾಗಿ ಊಟದ ಜೊತೆಯಲ್ಲೇ ಬೇಕು. ಅದೇ ಲೋಳೆ ಮಾತ್ರೆಗಳನ್ನೂ ಹಿಡಿದಿಡಬಹುದೆಂದು ಮಾತ್ರೆಗೂ ಮೆಂತ್ಯಕ್ಕೂ ಎರಡು ಗಂಟೆ ಅಂತರ ಇಟ್ಟರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಹಳೆಯ ಪರೀಕ್ಷೆಗಳಲ್ಲಿ ಕೊಟ್ಟದ್ದು 25ರಿಂದ 100 ಗ್ರಾಂ. ಅಷ್ಟು ತಿಂದರೆ ಹೊಟ್ಟೆ ಉಬ್ಬರ, ಭೇದಿ ಬಾರದೆ ಇರದು. ಹತ್ತು ಗ್ರಾಂನಿಂದ ಪೊಟ್ಯಾಸಿಯಂ ಏರುವುದು 80 ಮಿ.ಗ್ರಾಂನ ಒಳಗೆ.

ಹಾಗಲಕಾಯಿ ವಾರಕ್ಕೆ ಮೂರು ದಿನ, ಹಸಿ ತೂಕ 100 ಗ್ರಾಂ, ಪಲ್ಯ. ಇಲ್ಲಿ ಎರಡು ತಪ್ಪು ಕಾದಿರುತ್ತವೆ. ಕಹಿ ತೆಗೆಯಲು ಉಪ್ಪು ಸವರಿ ಹಿಂಡುವುದರಿಂದ ಉಪ್ಪು ಒಳಗೇ ಉಳಿಯುತ್ತದೆ. ಬದಲಿಗೆ ತೆಳು ಹೋಳನ್ನು ಹುಳಿ ಮಜ್ಜಿಗೆಯಲ್ಲಿ ಅರ್ಧ ಗಂಟೆ ಇಟ್ಟು ಸೋಸಿದರೆ ಸಾಕು. ಎರಡನೆಯದು ಮೆಣಸ್ಕಾಯಿ ಎಂಬ ಗೊಜ್ಜು. ಕಹಿಯನ್ನು ಮುಚ್ಚಲು ಬೆಲ್ಲ ಹಾಕಿ ಹಾಕಿ ಅದು ಸಿಹಿತಿಂಡಿಯೇ ಆಗಿರುತ್ತದೆ. ಹಾಗಲದಿಂದ ಎಷ್ಟು ನಿರೀಕ್ಷಿಸಬಹುದು? ಥಾಯ್ಲೆಂಡಿನ 2011ರ ಪರೀಕ್ಷೆಯಲ್ಲಿ ದಿನಕ್ಕೆ 2000 ಮಿ.ಗ್ರಾಂ ಹಾಗಲದ ಪುಡಿ ಸಕ್ಕರೆಯನ್ನು ಸ್ವಲ್ಪ ಇಳಿಸಿತು, 1000 ಮಿ.ಗ್ರಾಂ ಮೆಟ್‌ಫಾರ್ಮಿನ್‌ಗಿಂತ ಕಡಿಮೆ. ಸಕ್ಕರೆಗೆ ಸಣ್ಣ ಸಹಾಯ. ಕಿಡ್ನಿಗೆ ನೇರ ರಕ್ಷಣೆ ಎನ್ನಲು ಆಧಾರವಿಲ್ಲ.

ಹಲಸಿನ ಕಾಯಿಯ ಹಿಟ್ಟು ಈ ಮನೆಗೆ ಒಪ್ಪಿತು. ಆಂಧ್ರದ ಶ್ರೀಕಾಕುಳಂನಲ್ಲಿ 40 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದಿನಕ್ಕೆ 30 ಗ್ರಾಂ ಹಲಸಿನ ಹಿಟ್ಟನ್ನು ಅಷ್ಟೇ ಪ್ರಮಾಣದ ಅಕ್ಕಿ-ಗೋಧಿ ಹಿಟ್ಟಿನ ಬದಲು ಬಳಸಿದಾಗ ಹನ್ನೆರಡು ವಾರದಲ್ಲಿ ಎಚ್‌ಬಿಎ1ಸಿ ಇಳಿಯಿತು. ಬದಲು ಎಂಬುದೇ ಮುಖ್ಯ. ಮೊದಲಿನಷ್ಟೇ ದೋಸೆ ತಿಂದು ಮೇಲೆ ಹಲಸಿನ ಹಿಟ್ಟನ್ನೂ ಸೇರಿಸಿದರೆ ಸಕ್ಕರೆ ಏರುತ್ತದೆ.

ತಿಮರೆ (ಒಂದೆಲಗ) ತಂಬುಳಿ ದಿನ ಬಿಟ್ಟು ದಿನ: ಎಲೆ 20 ಗ್ರಾಂ, ತೆಂಗಿನ ತುರಿ 10 ಗ್ರಾಂ, ಕಾಳುಮೆಣಸು ಮೂರು, ಮಜ್ಜಿಗೆ 100 ಮಿ.ಲೀ., ಉಪ್ಪು ಚಿಟಿಕೆ. ಗದ್ದೆ ಬದುವಿನ ತಿಮರೆಯನ್ನು ಮೂರು ನೀರಲ್ಲಿ ತೊಳೆದು ತುಪ್ಪದಲ್ಲಿ ಬಾಡಿಸಿ ಅರೆಯಬೇಕು. ತಿಮರೆ ಕಿಡ್ನಿಯ ಔಷಧಿಯೆಂದು ಇದನ್ನು ಕೊಟ್ಟದ್ದಲ್ಲ. ಉಪ್ಪಿನಕಾಯಿ ಇಲ್ಲದೆ ಅನ್ನ ಇಳಿಯದು ಎನ್ನುವವರಿಗೆ ತಂಬುಳಿ ಆ ಜಾಗ ತುಂಬುತ್ತದೆ.

ಬಸಳೆ, ಹರಿವೆ, ಪಾಲಕ್, ಕೆಸು ಪೂರ್ತಿ ಬಿಡಬೇಕಿಲ್ಲ, ಆದರೆ ವಾರಕ್ಕೆ ಒಂದೇ ಸಲ, ಅದೂ ಈ ಕ್ರಮದಲ್ಲಿ: ಹೆಚ್ಚಿ, ಸೊಪ್ಪಿನ ಐದು ಪಟ್ಟು ಕುದಿಯುವ ನೀರಿಗೆ ಹಾಕಿ, ಹತ್ತು ನಿಮಿಷ ಬೇಯಿಸಿ, ನೀರು ಚೆಲ್ಲಿ, ಆಮೇಲೆ ಒಗ್ಗರಣೆ. ಕರಗುವ ಆಕ್ಸಲೇಟ್ ಮೂರನೇ ಒಂದರಿಂದ ಮುಕ್ಕಾಲಿನವರೆಗೂ ನೀರಿಗೆ ಹೋಗುತ್ತದೆ, ಪೊಟ್ಯಾಸಿಯಂ ಕೂಡ ಒಂದು ಪಾಲು ಇಳಿಯುತ್ತದೆ. ಅದೇ ಊಟದಲ್ಲಿ ಒಂದು ಬಟ್ಟಲು ಮೊಸರಿರಲಿ. ಬೇಯಿಸಿದ ನೀರಲ್ಲೇ ಸತ್ವವಿದೆಯೆಂದು ಅದನ್ನು ಸಾರಿಗೆ ಹಾಕುವುದು ಬೇರೆಯವರಿಗೆ ಸರಿ, ಇವರಿಗಲ್ಲ. ಬಾಳೆದಿಂಡಿಗೂ ಇದೇ ನಿಯಮ. ನುಗ್ಗೆಸೊಪ್ಪಿನ ಪಲ್ಯ 50 ಗ್ರಾಂ ಮೀರಬಾರದು.

ಮಧುನಾಶಿನಿ ಎಲೆ ಅಗಿದರೆ ಅರ್ಧ ಗಂಟೆ ಸಿಹಿಯ ರುಚಿಯೇ ತಿಳಿಯದು. ಆ ಗುಣ ನಿಜ, ಕಿಡ್ನಿ ಮಾತು ಬೇರೆ. ಇನ್ಸುಲಿನ್ ಗಿಡದಲ್ಲಿ ಇನ್ಸುಲಿನ್ ಇಲ್ಲ. ಕಾಡಿನಿಂದ ತಂದ ಬಳ್ಳಿಗಳಲ್ಲಿ ಈಶ್ವರಿ ಬಳ್ಳಿಯೊಂದರ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಲೇಬೇಕು: ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಕಾಯಂ ಆಗಿ ಒಣಗಿಸುತ್ತದೆ, ಮೂತ್ರನಾಳದ ಕ್ಯಾನ್ಸರ್‌ಗೂ ಕಾರಣ. ಯಾವ ಪ್ರಮಾಣವೂ ಸುರಕ್ಷಿತವಲ್ಲ. ಹೆಸರು ಬರೆಯದ ಚೂರ್ಣದ ಪೊಟ್ಟಣವನ್ನು ಇದೊಂದೇ ಕಾರಣಕ್ಕೆ ಬಿಡಬೇಕು.

ಹತ್ತನೇ ವಾರದ ಎಡವಟ್ಟು

ಪಟ್ಟಿ ಸರಿಯಾಗಿ ನಡೆಯುತ್ತಿದ್ದಾಗ ಪೊಟ್ಯಾಸಿಯಂ ಇದ್ದಕ್ಕಿದ್ದಂತೆ 5.8. ಇಸಿಜಿ ಸರಿ ಇತ್ತು, ಪರೀಕ್ಷೆಗೆ ತೆಗೆದ ರಕ್ತದ ಕಣಗಳು ಒಡೆದು ಅಂಕಿ ತಪ್ಪಾಗಿ ಏರಿದ್ದೂ ಅಲ್ಲ. ಎರಡು ಕಾರಣ ಸಿಕ್ಕವು. ಮಗ ಪೇಟೆಯಿಂದ ಕಡಿಮೆ ಸೋಡಿಯಂ ಉಪ್ಪು ತಂದಿದ್ದ. ಅಂಥ ಉಪ್ಪಿನಲ್ಲಿ ಶೇಕಡಾ 30 ಪೊಟ್ಯಾಸಿಯಂ ಕ್ಲೋರೈಡ್ ಇದ್ದರೆ 5 ಗ್ರಾಂ ಉಪ್ಪಿನಿಂದಲೇ ಸುಮಾರು 780 ಮಿ.ಗ್ರಾಂ ಪೊಟ್ಯಾಸಿಯಂ. ಜೊತೆಗೆ ಕಿಡ್ನಿ ತಂಪಾಗಲೆಂದು ದಿನಕ್ಕೊಂದು ಎಳನೀರು, ಅದರಲ್ಲಿ 600ರಿಂದ 750. ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರ ಕಿಡ್ನಿ ಪೊಟ್ಯಾಸಿಯಂ ಹೊರಹಾಕುವುದೇ ನಿಧಾನ. ಉಪ್ಪು, ಎಳನೀರು ಎರಡನ್ನೂ ನಿಲ್ಲಿಸಿದ ಹತ್ತು ದಿನಕ್ಕೆ 4.9. ಟೆಲ್ಮಿಸಾರ್ಟನ್ ಬಿಡಿಸಬೇಕಾಗಲಿಲ್ಲ, ಹೆಚ್ಚಿನ ಕಡೆ ಇಂಥ ಹೊತ್ತಲ್ಲಿ ಬಿಡಿಸುವುದು ಆ ಮಾತ್ರೆಯನ್ನೇ, ಎಳನೀರನ್ನಲ್ಲ.

ಆರು ತಿಂಗಳಿಗೆ

ಕ್ರಿಯಾಟಿನಿನ್ 1.6, ಇಜಿಎಫ್‌ಆರ್ 50ರ ಸುತ್ತ. ಎಚ್‌ಬಿಎ1ಸಿ 7.3. ರಕ್ತದೊತ್ತಡ 128/78. ಆಲ್ಬುಮಿನ್ ಅನುಪಾತ ಎರಡು ಸಲ, ಮೂರು ವಾರದ ಅಂತರದಲ್ಲಿ ನೋಡಿದಾಗ 95 ಮತ್ತು 88. ಈ ಇಳಿಕೆ ಅಳತೆಯ ಓಲಾಟವನ್ನು ಮೀರಿದ್ದು. ಇದರ ಬಹುಪಾಲು ಟೆಲ್ಮಿಸಾರ್ಟನ್, ಡಾಪಾಗ್ಲಿಫ್ಲೋಜಿನ್ ಮತ್ತು ಉಪ್ಪು ಬಿಟ್ಟದ್ದರದ್ದು; ಮೆಂತ್ಯ, ಹಾಗಲ, ಹಲಸು ಸಕ್ಕರೆಯಲ್ಲಿ ಪಾಲುಗೊಂಡಿವೆ.

ಮನೆಗೆ ಬರೆದುಕೊಟ್ಟ ಚೀಟಿಯಲ್ಲಿ ಮೂರೇ ಸಾಲು. ವಾಂತಿ, ಭೇದಿ, ಜ್ವರ ಬಂದು ಊಟ-ನೀರು ಸೇರದ ದಿನ ಡಾಪಾಗ್ಲಿಫ್ಲೋಜಿನ್, ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಮೂರನ್ನೂ ನಿಲ್ಲಿಸಿ ಫೋನ್ ಮಾಡುವುದು, ಊಟ ಸೇರಿದ ಮರುದಿನ ಮತ್ತೆ ಶುರು. ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಆದೀತು. ಹೊಸ ಸೊಪ್ಪು, ಬೇರು, ಪುಡಿ ಏನೇ ಶುರು ಮಾಡುವುದಿದ್ದರೂ ಮೊದಲು ಅದರ ಟೊಂಗೆ ಅಥವಾ ಪೊಟ್ಟಣವನ್ನು ಆಸ್ಪತ್ರೆಗೆ ತಂದು ತೋರಿಸುವುದು, ಎರಡು ವಾರ ಬಿಟ್ಟು ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸುವುದು.

ಬಿಂಬುಳಿ ಮರ ಕಡಿಯಬೇಕೇ ಎಂದು ಹೆಂಡತಿ ಕೇಳಿದರು. ಬೇಡ ಎಂದೇ ಹೇಳಿದ್ದು. ಸಾರಿಗೆ ಎರಡು ಕಾಯಿ ಮನೆಯವರಿಗೆ ಇರಲಿ, ಇವರ ಪಾಲನ್ನು ಹುಳಿ ಹಾಕುವ ಮೊದಲೇ ಬೇರೆ ತೆಗೆದಿಟ್ಟು ಅದಕ್ಕೆ ಅರ್ಧ ಲಿಂಬೆ ಹಿಂಡಬೇಕು.